ಅಂಗಡಿ ಪೇಜಿನ ಪಾಸ್‌ವರ್ಡ್ ಯಾರ ಹತ್ರ ಇದೆ? ತಾಲ್ಲೂಕು ವ್ಯಾಪಾರಿಗಳಿಗೆ ಮೊಬೈಲ್ ಪ್ರಚಾರದ ಪೂರ್ತಿ ಮಾಹಿತಿ

ಮೊದಲೆಲ್ಲ ತಾಲ್ಲೂಕು ಕೇಂದ್ರದಲ್ಲಿ ಹೊಸ ಬಟ್ಟೆ ಅಂಗಡಿ ಶುರುವಾದರೆ ಮೂರು ಕೆಲಸ ಗ್ಯಾರಂಟಿ ನಡೀತಿತ್ತು. ಆಟೋಗೆ ಮೈಕ್ ಕಟ್ಟಿ ಹಳ್ಳಿ ಹಳ್ಳಿ ಸುತ್ತಿಸೋದು, ಬೆಳಗಿನ ಪೇಪರ್ ಒಳಗೆ ಪಾಂಪ್ಲೆಟ್ ಇಡಿಸೋದು, ಬಸ್ ಸ್ಟ್ಯಾಂಡ್ ಹತ್ರ ಫ್ಲೆಕ್ಸ್ ಕಟ್ಟಿಸೋದು. ಈ ಮೂರೂ ಇನ್ನೂ ನಿಂತಿಲ್ಲ. ಆದರೆ ತಿಪಟೂರು, ಶಿರಾ, ಕುಣಿಗಲ್, ಮಧುಗಿರಿ ಯಾವ ಪೇಟೆಯಲ್ಲೇ ಆಗಲಿ ಅಂಗಡಿ ಬೋರ್ಡಿನ ಮೂಲೆಯಲ್ಲಿ ಈಗ ವಾಟ್ಸ್ಆ್ಯಪ್ ನಂಬರ್ ಇರುತ್ತೆ, ಕೌಂಟರ್ ಮೇಲೆ ಕ್ಯೂಆರ್ ಕೋಡ್ ಇರುತ್ತೆ, ಗಾಜಿನ ಮೇಲೆ ಇನ್‌ಸ್ಟಾಗ್ರಾಂ ಹೆಸರು ಅಂಟಿಸಿರುತ್ತಾರೆ.

ಇದರ ಬೆನ್ನಲ್ಲೇ ಇನ್ನೊಂದು ವ್ಯಾಪಾರ ಬೆಳೆದಿದೆ. ‘ನಿಮ್ಮ ಅಂಗಡಿಯನ್ನ ಡಿಜಿಟಲ್ ಮಾಡ್ಕೊಡ್ತೀವಿ, ತಿಂಗಳಿಗೆ ಇಷ್ಟು ಕೊಡಿ’ ಅಂತ ಬರುವವರು. ಇವರಲ್ಲಿ ಕೆಲಸ ಗೊತ್ತಿರುವವರೂ ಇದ್ದಾರೆ, ಬರೀ ಮಾತಿನವರೂ ಇದ್ದಾರೆ. ದುಡ್ಡು ಕೊಡುವ ಮೊದಲು ಅಂಗಡಿಯವರು ತಿಳ್ಕೊಬೇಕಾದ್ದು ಒಂದೇ ಲೆಕ್ಕ: ತಾಲ್ಲೂಕು ಅಂಗಡಿಯ ಗಿರಾಕಿ ಇರೋದು ಸುತ್ತ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಒಳಗೆ. ಅವರಿಗೆ ಬೇಕಾಗಿರೋದು ಅಂಗಡಿ ಎಲ್ಲಿದೆ, ಈಗ ತೆರೆದಿದೆಯಾ, ಬೇಕಾದ ಮಾಲು ಇದೆಯಾ, ರೇಟ್ ಎಷ್ಟು ಅನ್ನೋ ನಾಲ್ಕು ಉತ್ತರ. ಇದನ್ನು ಕೊಡುವ ಸಾಧನಗಳಲ್ಲಿ ಹೆಚ್ಚಿನವು ಪುಕ್ಕಟೆ.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ

ಹೋಬಳಿಯಿಂದ ಬೈಕಲ್ಲಿ ಬಂದವನ ಟೈರ್ ಪಂಕ್ಚರ್ ಆದರೆ ಅವನು ಫೇಸ್‌ಬುಕ್ ನೋಡಲ್ಲ. ಫೋನ್ ಬಾಯಿ ಹತ್ರ ಹಿಡಿದು ‘ಪಂಕ್ಚರ್ ಅಂಗಡಿ’ ಅಂತಾನೆ. ಆಗ ಬರುವ ಪಟ್ಟಿಯಲ್ಲಿ ಹೆಸರಿದ್ದವನಿಗೆ ಗಿರಾಕಿ. ಆ ಪಟ್ಟಿಗೆ ಸೇರಿಸುವ ಸೌಲಭ್ಯದ ಹೆಸರು ಗೂಗಲ್ ಬಿಸಿನೆಸ್ ಪ್ರೊಫೈಲ್. 2021ರ ನವೆಂಬರ್‌ವರೆಗೆ ಇದನ್ನೇ ಗೂಗಲ್ ಮೈ ಬಿಸಿನೆಸ್ ಅಂತಿದ್ದರು, ಹಳಬರು ಈಗಲೂ ಹಾಗೇ ಕರೀತಾರೆ.

ಇದಕ್ಕೆ ಶುಲ್ಕ ಇಲ್ಲ. ಒಂದು ಜಿಮೇಲ್, ಅಂಗಡಿ ವಿಳಾಸ, ಫೋನ್ ನಂಬರ್ ಸಾಕು. ಅಂಗಡಿ ನಿಜವಾಗಿ ಇದೆ ಅಂತ ಗೂಗಲ್ ಪರಿಶೀಲನೆ ಮಾಡುತ್ತೆ. ಈಗ ಹೆಚ್ಚಾಗಿ ವಿಡಿಯೋ ಕೇಳುತ್ತೆ: ಬೀದಿ, ಬೋರ್ಡು, ಒಳಗಿನ ಮಾಲು, ಮಾಲೀಕರೇ ಶಟರ್ ತೆರೆಯೋದು ಅಥವಾ ಕ್ಯಾಷ್ ಕೌಂಟರ್ ಹಿಂದೆ ಹೋಗೋದು ಇವನ್ನೆಲ್ಲ ಕತ್ತರಿಸದೆ ಒಂದೇ ವಿಡಿಯೋದಲ್ಲಿ ತೋರಿಸಬೇಕು. ಇದೆಲ್ಲ ಮುಗಿಯೋಕೆ ಕೆಲವು ದಿನ ಹಿಡಿಯಬಹುದು.

ಹೆಚ್ಚಿನವರು ಎಡವುವುದು ಸಣ್ಣ ವಿಷಯದಲ್ಲಿ. ರಾಜ್ಯದಲ್ಲಿ 2024ರ ತಿದ್ದುಪಡಿ ಬಂದ ಮೇಲೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯ ಅಂತ ಬೋರ್ಡ್ ಬದಲಾಯಿಸಿದ ಅಂಗಡಿಗಳಲ್ಲಿ ಎಷ್ಟೋ ಗೂಗಲ್‌ನಲ್ಲಿ ಇನ್ನೂ ಇಂಗ್ಲಿಷ್‌ನಲ್ಲಷ್ಟೇ ಇವೆ. ಕನ್ನಡದಲ್ಲಿ ಮಾತಾಡಿ ಹುಡುಕುವ ಗಿರಾಕಿ ಇರುವಾಗ ವಿವರಣೆಯನ್ನಾದರೂ ಕನ್ನಡದಲ್ಲಿ ಬರೆದಿಡೋದು ಒಳ್ಳೇದು. ಇನ್ನೊಂದು ಸಮಯ. ಸಂತೆ ದಿನ ಬೇಗ ತೆರೆಯುವ, ಅಮಾವಾಸ್ಯೆ ದಿನ ಬಾಗಿಲು ಹಾಕುವ ಅಂಗಡಿ ಗೂಗಲ್‌ನಲ್ಲಿ ದಿನವೂ ‘ಓಪನ್’ ಅಂತ ತೋರಿಸ್ತಿದ್ದರೆ, ಅಷ್ಟು ದೂರದಿಂದ ಬಂದವರು ಬೈಕೊಂಡು ಹೋಗ್ತಾರೆ. ಒಂದು ನಕ್ಷತ್ರದ ರಿವ್ಯೂ ಬರೋದು ಹೀಗೇ.

ರಿವ್ಯೂ ವಿಷಯಕ್ಕೆ ಬಂದರೆ, ದುಡ್ಡು ಕೊಟ್ಟು ಐವತ್ತು ಐದು ನಕ್ಷತ್ರ ಹಾಕಿಸಿಕೊಡ್ತೀವಿ ಅನ್ನುವವರನ್ನು ನಂಬಬಾರದು. ಅದು ಗೂಗಲ್ ನಿಯಮಕ್ಕೆ ವಿರುದ್ಧ, ರಿಯಾಯಿತಿ ಆಸೆ ತೋರಿಸಿ ಬರೆಸೋದೂ ಅಷ್ಟೇ. ಸಿಕ್ಕಿಬಿದ್ದರೆ ರಿವ್ಯೂಗಳು ಅಳಿಸಿಹೋಗುತ್ತವೆ, ಪ್ರೊಫೈಲ್‌ಗೇ ತೊಂದರೆ ಆಗಬಹುದು. ಕೆಟ್ಟ ರಿವ್ಯೂಗೆ ಜಗಳ ಆಡದೆ ಎರಡು ಸಾಲು ಮರ್ಯಾದೆಯ ಉತ್ತರ ಬರೆದರೆ, ಓದುವ ಮುಂದಿನ ಗಿರಾಕಿಗೆ ಅದೇ ಸಾಕಾಗುತ್ತೆ.

ವಾಟ್ಸ್ಆ್ಯಪ್ ಬಿಸಿನೆಸ್: ನಂಬರ್ ಸೇವ್ ಆಗಿದ್ದರೆ ಮಾತ್ರ

ಹಸಿರು ಬಣ್ಣದ ಸಾಮಾನ್ಯ ವಾಟ್ಸ್ಆ್ಯಪ್ ಬೇರೆ, ‘ಬಿ’ ಅಕ್ಷರ ಇರುವ ವಾಟ್ಸ್ಆ್ಯಪ್ ಬಿಸಿನೆಸ್ ಬೇರೆ. ಎರಡನೆಯದು 2018ರ ಜನವರಿಯಲ್ಲಿ ಭಾರತಕ್ಕೆ ಬಂತು, ಇದೂ ಪುಕ್ಕಟೆ. ಒಂದೇ ಫೋನಿನಲ್ಲಿ ಎರಡನ್ನೂ ಇಟ್ಕೊಬಹುದು, ಆದರೆ ನಂಬರ್ ಬೇರೆ ಬೇರೆ ಇರಬೇಕು. ಅಂಗಡಿಯ ಲ್ಯಾಂಡ್‌ಲೈನ್ ನಂಬರನ್ನೂ ಕರೆ ಮೂಲಕ ಪರಿಶೀಲಿಸಿ ಹಾಕೋಕೆ ಬರುತ್ತೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಇದರಲ್ಲಿ ಮಾಲಿನ ಫೋಟೋ ಮತ್ತು ರೇಟ್ ಜೋಡಿಸಿಡುವ ಕ್ಯಾಟಲಾಗ್ ಇದೆ. ಪದೇ ಪದೇ ಕೇಳುವ ಪ್ರಶ್ನೆಗೆ ಸಿದ್ಧ ಉತ್ತರ ಇಟ್ಕೊಬಹುದು. ‘ದುಡ್ಡು ಬಾಕಿ’, ‘ಆರ್ಡರ್ ರೆಡಿ’ ಅಂತ ಗಿರಾಕಿ ಹೆಸರಿನ ಮುಂದೆ ಲೇಬಲ್ ಅಂಟಿಸಬಹುದು. ಟೈಲರ್ ಅಂಗಡಿ, ಮೊಬೈಲ್ ರಿಪೇರಿ, ಮಿಕ್ಸಿ ರಿಪೇರಿಯವರಿಗೆ ಈ ಲೇಬಲ್ ಒಂದೇ ಸಾಕು, ಚೀಟಿ ಹುಡುಕೋ ಕೆಲಸ ತಪ್ಪುತ್ತೆ.

ಮುಖ್ಯ ವಿಷಯ ಬ್ರಾಡ್‌ಕಾಸ್ಟ್ ಲಿಸ್ಟ್. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು, ಗ್ರೂಪ್ ಥರ ಅಲ್ಲ, ಪ್ರತಿಯೊಬ್ಬರಿಗೂ ಖಾಸಗಿಯಾಗಿ ಹೋಗುತ್ತೆ. ಆದರೆ ಅಂಗಡಿ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತೆ. ಸೇವ್ ಮಾಡದವರಿಗೆ ಎಷ್ಟು ಸಲ ಕಳಿಸಿದರೂ ಹೋಗಲ್ಲ. ಸ್ಟೇಟಸ್‌ಗೂ ಹೆಚ್ಚುಕಡಿಮೆ ಇದೇ ಕಥೆ: ಇಬ್ಬರ ಫೋನಿನಲ್ಲೂ ಇಬ್ಬರ ನಂಬರ್ ಇರಬೇಕು.

ಹಾಗಾಗಿ ತಾಲ್ಲೂಕು ಅಂಗಡಿಯವರಿಗೆ ಲೈಕುಗಳಿಗಿಂತ ದೊಡ್ಡ ಆಸ್ತಿ ಅಂದರೆ ಗಿರಾಕಿಯ ಫೋನಿನಲ್ಲಿ ಸೇವ್ ಆದ ನಂಬರ್. ಬಿಲ್ ಕೊಡುವಾಗ ‘ಅಕ್ಕ, ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಸ್ಟಾಕ್ ಬಂದ್ರೆ ಫೋಟೋ ಹಾಕ್ತೀವಿ’ ಅಂತ ಕೇಳೋದಕ್ಕೆ ಒಂದು ನಿಮಿಷ. ಬಟ್ಟೆ ಕವರ್ ಮೇಲೆ ವಾಟ್ಸ್ಆ್ಯಪ್ ಕ್ಯೂಆರ್ ಅಚ್ಚು ಹಾಕಿಸಿದರೆ ಇನ್ನೂ ಸುಲಭ. ಪೇಮೆಂಟ್ ಕ್ಯೂಆರ್ ಪಕ್ಕದಲ್ಲೇ ಇಟ್ಟರೆ ಮಾತ್ರ ಗಿರಾಕಿಗೆ ಗೊಂದಲ ಆಗುತ್ತೆ, ಬೇರೆ ಬಣ್ಣದಲ್ಲಿ ಇರಲಿ.

ಕೇಳದೆ ಗ್ರೂಪಿಗೆ ಸೇರಿಸೋದು ಕೆಲಸ ಕೆಡಿಸುತ್ತೆ. ಊರ ಹಬ್ಬದ ಗ್ರೂಪು, ಸ್ತ್ರೀಶಕ್ತಿ ಸಂಘದ ಗ್ರೂಪುಗಳಿಂದ ನಂಬರ್ ಎತ್ತಿಕೊಂಡು ಆಫರ್ ಮೆಸೇಜ್ ಹಾಕಿದರೆ ನಾಲ್ಕು ಜನ ರಿಪೋರ್ಟ್ ಒತ್ತುತ್ತಾರೆ. ದೂರು ಹೆಚ್ಚಾದರೆ ವಾಟ್ಸ್ಆ್ಯಪ್ ನಂಬರನ್ನೇ ಬಂದ್ ಮಾಡುತ್ತೆ. ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆಸಿದ ನಂಬರ್ ಅದೇ ಆಗಿದ್ದರೆ ಆಗುವ ನಷ್ಟ ಲೆಕ್ಕ ಹಾಕಬೇಕಾಗಿಲ್ಲ. ಬಲ್ಕ್ ಎಸ್‌ಎಂಎಸ್‌ಗೂ ಟ್ರಾಯ್‌ನ 2018ರ ನಿಯಮ ಇದೆ. ನೋಂದಾಯಿಸಿದ ಹೆಸರು, ಒಪ್ಪಿಗೆ ಪಡೆದ ಒಕ್ಕಣೆ ಇಲ್ಲದೆ ಹತ್ತು ಅಂಕಿಯ ಸ್ವಂತ ನಂಬರಿನಿಂದ ಜಾಹೀರಾತು ಕಳಿಸಿದರೆ ಸಂಪರ್ಕ ಕಡಿತ ಆಗಬಹುದು.

ರೀಲ್ಸ್‌ಗೆ ಲಕ್ಷ ವ್ಯೂಸ್, ಕೌಂಟರ್‌ಗೆ ಎಷ್ಟು?

ಟಿಕ್‌ಟಾಕ್ 2020ರ ಜೂನ್ 29ಕ್ಕೆ ನಿಷೇಧ ಆಯ್ತು. ಮರು ತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಶುರು ಮಾಡಿತು. ಅಲ್ಲಿಂದ ಸೀರೆ ಅಂಗಡಿ, ಬೇಕರಿ, ಮೊಬೈಲ್ ಅಂಗಡಿ, ಬ್ಯೂಟಿ ಪಾರ್ಲರ್ ಎಲ್ಲರೂ ರೀಲ್ಸ್‌ಗೆ ಬಂದಿದ್ದಾರೆ.

ರೀಲ್ಸ್ ಜನರನ್ನು ತಲುಪೋದು ನಿಜ. ಯಾವ ಜನರನ್ನು ಅನ್ನೋದೇ ಪ್ರಶ್ನೆ. ಖಾತೆಯನ್ನು ಪ್ರೊಫೆಷನಲ್ ಅಂತ ಬದಲಾಯಿಸಿದರೆ (ಇದಕ್ಕೂ ದುಡ್ಡಿಲ್ಲ) ಒಳಗೆ ಇನ್‌ಸೈಟ್ಸ್ ಅಂತ ಸಿಗುತ್ತೆ. ಅದರಲ್ಲಿ ಯಾವ ಯಾವ ಊರಿನವರು ಅನ್ನೋ ಪಟ್ಟಿ ಇರುತ್ತೆ. ಗುಬ್ಬಿಯ ಫ್ಯಾನ್ಸಿ ಸ್ಟೋರ್‌ನ ರೀಲ್ ನೋಡಿದವರಲ್ಲಿ ಬೆಂಗಳೂರು, ಹೈದರಾಬಾದ್, ದುಬೈಯವರೇ ತುಂಬಿದ್ದರೆ ಖುಷಿ ಪಡಬಹುದು, ಆದರೆ ಅವರಾರೂ ಬಳೆ ತಗೊಳ್ಳೋಕೆ ಬಸ್ ಹತ್ತಿ ಬರಲ್ಲ. ಅದೇ ಎಂಟುನೂರು ಜನ ನೋಡಿದ ವಿಡಿಯೋದಲ್ಲಿ ಮುನ್ನೂರು ಜನ ಸುತ್ತಲಿನ ಊರಿನವರಾಗಿದ್ದರೆ ಅಂಗಡಿಗೆ ಕೆಲಸ ಆಯ್ತು ಅಂತ ಅರ್ಥ.

ಸ್ಥಳೀಯರಿಗೆ ತಲುಪಬೇಕಂದರೆ ಊರಿನ ಹೆಸರು ವಿಡಿಯೋ ಒಳಗೇ ಕೇಳಿಸಬೇಕು, ಬರಹದಲ್ಲೂ ಇರಬೇಕು, ಲೊಕೇಶನ್ ಟ್ಯಾಗ್ ಹಾಕಬೇಕು. ‘ಬಸ್ ಸ್ಟ್ಯಾಂಡ್ ಎದುರು, ಬ್ಯಾಂಕ್ ಪಕ್ಕ’ ಅನ್ನೋ ಗುರುತು ಹೇಳಿದರೆ ಊರಿನವರು ನಿಂತು ನೋಡ್ತಾರೆ. ರೇಟ್ ಹೇಳಬೇಕು. ‘ರೇಟ್‌ಗೆ ಮೆಸೇಜ್ ಮಾಡಿ’ ಅಂತ ಬರೆಯೋ ಅಭ್ಯಾಸ ಯಾರು ಶುರು ಮಾಡಿದರೋ ಗೊತ್ತಿಲ್ಲ, ಅರ್ಧ ಗಿರಾಕಿಗಳು ಅಲ್ಲೇ ಮುಂದಕ್ಕೆ ಹೋಗ್ತಾರೆ. ಇನ್ನು ಹಾಡು: ಬಿಸಿನೆಸ್ ಖಾತೆಗಳಿಗೆ ಎಲ್ಲ ಸಿನಿಮಾ ಹಾಡೂ ಸಿಗಲ್ಲ, ಹಕ್ಕಿನ ಸಮಸ್ಯೆ ಇದೆ. ಬೇರೆ ಕಡೆಯಿಂದ ಹಾಡು ಸೇರಿಸಿ ಹಾಕಿದರೆ ಧ್ವನಿ ಕಟ್ ಆಗಬಹುದು, ವಿಡಿಯೋ ತೆಗೆದುಹಾಕಬಹುದು. ಅಂಗಡಿಯವರೇ ಮಾತಾಡಿದರೆ ಈ ತಾಪತ್ರಯ ಇಲ್ಲ.

ಕೆಲವು ಮಾಲಿಗೆ ಮಾತ್ರ ದೂರದ ಗಿರಾಕಿಯೇ ಬೇಕು. ತಿಪಟೂರಿನ ಉಂಡೆ ಕೊಬ್ಬರಿ, ಗಾಣದ ಕೊಬ್ಬರಿ ಎಣ್ಣೆ, ಚೇಳೂರು ಕಡೆಯ ಕೆಂಪು ತೊಳೆಯ ಸಿದ್ದು ಹಲಸಿನ ಕಸಿ ಗಿಡ, ಮನೆಯಲ್ಲಿ ಮಾಡಿದ ಚಟ್ನಿಪುಡಿ, ಉಪ್ಪಿನಕಾಯಿ ಇಂಥವಕ್ಕೆ ಊರಿನ ಹೆಸರೇ ಬ್ರ್ಯಾಂಡ್. ಬೆಂಗಳೂರಿನಲ್ಲಿರುವ ಊರಿನವರೇ ಮೊದಲ ಗಿರಾಕಿಗಳು. ಇಲ್ಲಿ ರೀಲ್ಸ್ ಉಪಯೋಗಕ್ಕೆ ಬರುತ್ತೆ. ಆದರೆ ಮೊದಲೇ ಕೊರಿಯರ್ ಖರ್ಚು ಲೆಕ್ಕ ಹಾಕಬೇಕು. ಅರ್ಧ ಕೆಜಿ ಚಟ್ನಿಪುಡಿಗೆ ಪಾರ್ಸೆಲ್ ಖರ್ಚೇ ಲಾಭ ತಿಂದುಬಿಡುತ್ತೆ. ತಿನ್ನುವ ಪದಾರ್ಥ ಮನೆಯಲ್ಲಿ ಮಾಡಿ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಪ್ಯಾಕೆಟ್ ಮೇಲೆ ನಂಬರ್ ಇರಬೇಕು.

ಜಿಎಸ್‌ಟಿಯೂ ಇಲ್ಲೇ ಬರುತ್ತೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂ., ಸೇವೆ ಕೊಡುವವರಿಗೆ 20 ಲಕ್ಷ ರೂ. ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಆದರೆ ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವುದಾದರೆ, ಕರಕುಶಲ ವಸ್ತುಗಳಂಥ ಕೆಲವು ವಿನಾಯಿತಿ ಬಿಟ್ಟರೆ, ಈ ಮಿತಿ ಲೆಕ್ಕಕ್ಕೇ ಬರಲ್ಲ, ಮೊದಲ ಮಾರಾಟದಿಂದಲೇ ನೋಂದಣಿ ಬೇಕು. ಚೆನ್ನೈನಿಂದ ಆರ್ಡರ್ ಬಂತು ಅಂತ ಖುಷಿಯಲ್ಲಿ ಕಳಿಸುವ ಮೊದಲು ಆಡಿಟರ್ ಹತ್ರ ಕೇಳಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟು ಗದ್ದಲ ಆಯ್ತು ಅನ್ನೋದು ಎಲ್ಲರಿಗೂ ನೆನಪಿದೆ.

ಬೂಸ್ಟ್ ಒತ್ತುವ ಮೊದಲು

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್ ಕೆಳಗೆ ‘ಬೂಸ್ಟ್’ ಗುಂಡಿ ಇರುತ್ತೆ. ದುಡ್ಡು ಕಟ್ಟಿ ಹೆಚ್ಚು ಜನಕ್ಕೆ ತೋರಿಸೋ ವ್ಯವಸ್ಥೆ ಅದು. ಒತ್ತಿದ ಕೂಡಲೇ ಯಾರಿಗೆ ತೋರಿಸಬೇಕು ಅಂತ ಕೇಳುತ್ತೆ. ಅಲ್ಲಿ ಏನೂ ಬದಲಾಯಿಸದೆ ಮುಂದೆ ಹೋದರೆ ದುಡ್ಡು ಎಲ್ಲೆಲ್ಲೋ ಹರಿದುಹೋಗುತ್ತೆ. ಊರನ್ನು ಆರಿಸಿ, ಸುತ್ತ ಇಷ್ಟು ಕಿಲೋಮೀಟರ್ ಅಂತ ವೃತ್ತ ಹಾಕಬಹುದು. ನೋಡಿದವರು ಒತ್ತಿದರೆ ನೇರವಾಗಿ ಅಂಗಡಿಯ ವಾಟ್ಸ್ಆ್ಯಪ್ ತೆರೆಯುವ ಹಾಗೂ ಮಾಡಬಹುದು, ತಾಲ್ಲೂಕು ಅಂಗಡಿಗೆ ಇದೇ ಸರಿ. ಬರೀ ಲೈಕಿಗೆ ಅಂತ ದುಡ್ಡು ಕಟ್ಟೋದು ದಂಡ.

ಲೆಕ್ಕ ಹೀಗಿಟ್ಕೊಬೇಕು. ಹಬ್ಬಕ್ಕೆ ಮೊದಲು ಸೀರೆ ಅಂಗಡಿಯವರು ದಿನಕ್ಕೆ 200 ರೂ. ಥರ 5 ದಿನ ಜಾಹೀರಾತು ಹಾಕಿದರು ಅಂದ್ಕೊಳ್ಳೋಣ. 1,000 ರೂ. ಆಯ್ತು, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 1,180. ನಲವತ್ತು ಜನ ಮೆಸೇಜ್ ಮಾಡಿದರು, ಅದರಲ್ಲಿ 5 ಜನ ಬಂದು ಸೀರೆ ತಗೊಂಡರು. ಒಂದು ಸೀರೆಗೆ ಬಿದ್ದ ಜಾಹೀರಾತು ಖರ್ಚು 236 ರೂ. ಸೀರೆಗೆ 300 ಲಾಭ ಇದ್ದರೆ ಉಳಿದದ್ದು 64. ಲಾಭ 150 ಇದ್ದರೆ ಪ್ರತಿ ಸೀರೆಗೆ 86 ರೂ. ಕೈಯಿಂದ ಹೋಯ್ತು. ಅದೇ ಐದು ಜನ ನಂಬರ್ ಸೇವ್ ಮಾಡ್ಕೊಂಡು ಮುಂದಿನ ಹಬ್ಬಕ್ಕೂ ಬಂದರೆ ಲೆಕ್ಕ ಬೇರೆಯೇ. ಆದರೆ ಈ ಲೆಕ್ಕ ತಿಳಿಯಬೇಕು ಅಂದ್ರೆ ಅಂಗಡಿಗೆ ಬಂದವರನ್ನ ‘ಎಲ್ಲಿ ನೋಡಿ ಬಂದ್ರಿ?’ ಅಂತ ಕೇಳಿ ಪುಸ್ತಕದಲ್ಲಿ ಗೆರೆ ಎಳೆದಿಡಬೇಕು. ‘ಒಂದು ಲಕ್ಷ ರೀಚ್ ಕೊಡ್ತೀವಿ’ ಅನ್ನುವ ಏಜೆಂಟರು ಈ ಗೆರೆಯ ಲೆಕ್ಕ ಹೇಳಲ್ಲ.

ಜಿಎಸ್‌ಟಿ ನೋಂದಣಿ ಇರುವವರು ಜಾಹೀರಾತು ಖಾತೆಯಲ್ಲಿ ತಮ್ಮ ಜಿಎಸ್‌ಟಿ ನಂಬರ್ ಹಾಕಿದರೆ ಆ ಶೇ 18ನ್ನು ಇನ್‌ಪುಟ್ ಆಗಿ ಪಡೆಯಬಹುದು. ಕಾಂಪೋಸಿಷನ್‌ನಲ್ಲಿ ಇರುವವರಿಗೆ ಅದು ಇಲ್ಲ.

ಊರಿನ ಇನ್‌ಸ್ಟಾಗ್ರಾಂ ಪೇಜುಗಳವರಿಗೆ ದುಡ್ಡು ಕೊಟ್ಟು ವಿಡಿಯೋ ಮಾಡಿಸುವುದೂ ಈಗ ಮಾಮೂಲಿ. ಇದರಲ್ಲಿ ತಪ್ಪಿಲ್ಲ, ಆದರೆ ದುಡ್ಡು ಅಥವಾ ಪುಕ್ಕಟೆ ಮಾಲು ಪಡೆದಿದ್ದರೆ ಅದು ಜಾಹೀರಾತು ಅಂತ ಎದ್ದು ಕಾಣುವಂತೆ ಹೇಳಬೇಕು ಅಂತ ಕೇಂದ್ರದ ನಿಯಮ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶ ಇದೆ. ‘ಸಕ್ಕರೆ ಕಾಯಿಲೆ ಹದಿನೈದು ದಿನದಲ್ಲಿ ಮಾಯ’ ಅಂತ ಪುಡಿ ಮಾರುವ ರೀಲ್ಸ್‌ಗಳವರು ಇದನ್ನ ಓದಬೇಕು.

ಖಾತೆ ಯಾರ ಹೆಸರಲ್ಲಿದೆ?

ಎಲ್ಲಕ್ಕಿಂತ ಹೆಚ್ಚು ಅಂಗಡಿಯವರು ಕಳ್ಕೊಳ್ಳೋದು ಇಲ್ಲಿ. ಪೇಜು ಮಾಡಿಕೊಟ್ಟವನು ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ, ಇಲ್ಲ ಅಕ್ಕನ ಮಗ, ಇಲ್ಲ ತಿಂಗಳ ಲೆಕ್ಕದ ಏಜೆಂಟ್. ಮಾಡುವಾಗ ಅವನದೇ ಜಿಮೇಲ್, ಅವನದೇ ನಂಬರ್ ಹಾಕಿರುತ್ತಾನೆ. ಮೋಸ ಮಾಡೋ ಉದ್ದೇಶ ಇರಬೇಕಂತಿಲ್ಲ, ಕೈಗೆ ಸಿಕ್ಕಿದ್ದು ಹಾಕಿರುತ್ತಾನೆ. ಎರಡು ವರ್ಷ ಆದ ಮೇಲೆ ಅವನು ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾನೆ, ಇಲ್ಲ ಮಾಲೀಕರ ಜೊತೆ ಮಾತು ಬಿಡ್ತಾನೆ. ಅಷ್ಟೊತ್ತಿಗೆ ಪೇಜಿಗೆ ಸಾವಿರಾರು ಫಾಲೋವರ್ಸ್, ಗೂಗಲ್‌ನಲ್ಲಿ ನೂರಾರು ರಿವ್ಯೂ. ಬೋರ್ಡು ಮಾಲೀಕರದು, ಬಾಡಿಗೆ ಕಟ್ಟೋದು ಮಾಲೀಕರು, ಮೊಬೈಲಿನೊಳಗಿನ ಅಂಗಡಿ ಮಾತ್ರ ಬೇರೆಯವರ ಕೈಯಲ್ಲಿ.

ಗೂಗಲ್‌ನಲ್ಲಿ ಪ್ರೈಮರಿ ಓನರ್, ಓನರ್, ಮ್ಯಾನೇಜರ್ ಅಂತ ಮೂರು ದರ್ಜೆ ಇವೆ. ಪ್ರೈಮರಿ ಓನರ್ ಅಂಗಡಿ ಮಾಲೀಕರೇ ಆಗಿರಬೇಕು, ಕೆಲಸ ಮಾಡುವವರಿಗೆ ಮ್ಯಾನೇಜರ್ ಸಾಕು. ಈಗಾಗಲೇ ಬೇರೆಯವರ ಕೈಗೆ ಹೋಗಿದ್ದರೆ ಪ್ರೊಫೈಲ್‌ನಲ್ಲೇ ಮಾಲೀಕತ್ವ ಕೋರುವ ಅರ್ಜಿ ಹಾಕಬಹುದು. ಈಗಿರುವ ಓನರ್‌ಗೆ ಉತ್ತರಿಸಲು 3 ದಿನ ಕಾಲಾವಕಾಶ. ಉತ್ತರ ಬರದಿದ್ದರೆ ಪರಿಶೀಲನೆ ಮಾಡಿಸಿ ಪಡೆಯುವ ದಾರಿ ಸಿಗಬಹುದು. ಸಿಕ್ಕ ತಕ್ಷಣ ಹಳೆಯವರನ್ನು ತೆಗೆಯೋಕೆ ಆಗಲ್ಲ, ಹೊಸ ಓನರ್ 7 ದಿನ ಕಾಯಬೇಕು.

ಫೇಸ್‌ಬುಕ್ ಪೇಜಿಗೆ ಬೇರೆ ಪಾಸ್‌ವರ್ಡ್ ಇರಲ್ಲ, ಯಾರದೋ ವೈಯಕ್ತಿಕ ಖಾತೆಯ ಮೂಲಕವೇ ನಡೆಯುತ್ತೆ. ಹಾಗಾಗಿ ಮಾಲೀಕರ ಖಾತೆಗೆ ಪೂರ್ಣ ನಿಯಂತ್ರಣ ಇದೆಯಾ ಅಂತ ಪೇಜಿನ ಸೆಟ್ಟಿಂಗ್ಸ್‌ನಲ್ಲಿ ನೋಡಬೇಕು. ಇನ್‌ಸ್ಟಾಗ್ರಾಂನಲ್ಲಿ ಇಮೇಲ್ ಮತ್ತು ಫೋನ್ ನಂಬರ್ ಎರಡೂ ಮಾಲೀಕರದೇ ಹಾಕಿ, ಎರಡು ಹಂತದ ಭದ್ರತೆ ಆನ್ ಮಾಡಬೇಕು. ವಾಟ್ಸ್ಆ್ಯಪ್ ಹುಡುಗನ ಸಿಮ್‌ನಲ್ಲಿ ನಡೀತಿದ್ದರೆ, ಅವನ ಫೋನ್ ಜೊತೆಗಿರುವಾಗಲೇ ಸೆಟ್ಟಿಂಗ್ಸ್‌ನ ‘ಚೇಂಜ್ ನಂಬರ್’ ಮೂಲಕ ಅಂಗಡಿ ನಂಬರಿಗೆ ಬದಲಾಯಿಸಬೇಕು. ಅವನು ಹೋದ ಮೇಲೆ ಆಗಲ್ಲ. ಅಂಗಡಿ ಸಿಮ್ ಅಂತ ಬೇರೆ ತಗೊಂಡವರು ರೀಚಾರ್ಜ್ ಮರೆಯಬಾರದು. ಬಳಸದೆ ಬಿಟ್ಟ ನಂಬರ್ ಕೆಲವು ತಿಂಗಳಲ್ಲಿ ಬಂದ್ ಆಗಿ, ಆಮೇಲೆ ಬೇರೆ ಯಾರಿಗೋ ಹೋಗುತ್ತೆ.

ಹೊಸದಾಗಿ ಏಜೆಂಟರಿಗೆ ಕೆಲಸ ಕೊಡುವವರು ಒಂದು ಬಿಳಿ ಹಾಳೆಯಲ್ಲಾದರೂ ಬರೆಸಿಕೊಳ್ಳಬೇಕು: ಎಲ್ಲ ಖಾತೆ ಮಾಲೀಕರ ಇಮೇಲ್‌ನಲ್ಲಿ, ಜಾಹೀರಾತು ದುಡ್ಡು ಎಷ್ಟು, ಅವರ ಕೂಲಿ ಎಷ್ಟು ಅಂತ ಬೇರೆ ಬೇರೆ. ಜಾಹೀರಾತಿನ ರಸೀದಿ ನೇರ ಕಂಪನಿಯಿಂದ ಬರುತ್ತೆ, ಅದನ್ನು ಕೇಳಿ ಪಡೆಯಬೇಕು. ಏಜೆಂಟರು ಐದು ಸಾವಿರದ ಜಾಹೀರಾತು ಹಾಕಿದೆವು ಅಂತ ಸಾವಿರದ್ದು ಹಾಕಿದ್ದರೆ ಆ ರಸೀದಿಯಲ್ಲೇ ಗೊತ್ತಾಗುತ್ತೆ.

ಮೋಸದ ಕರೆ, ಸುಳ್ಳು ಸ್ಕ್ರೀನ್‌ಶಾಟ್

ನಂಬರ್ ಎಲ್ಲರಿಗೂ ಕಾಣುವ ಹಾಗೆ ಹಾಕಿದ ಮೇಲೆ ಕಳ್ಳರಿಗೂ ಕಾಣುತ್ತೆ. ‘ಗೂಗಲ್‌ನಿಂದ ಮಾತಾಡ್ತಿದ್ದೀವಿ, ದುಡ್ಡು ಕಟ್ಟದಿದ್ದರೆ ಮ್ಯಾಪ್‌ನಿಂದ ಅಂಗಡಿ ತೆಗೀತೀವಿ’ ಅನ್ನುವ ಕರೆ ಸುಳ್ಳು. ಪಟ್ಟಿಯಲ್ಲಿ ಇರೋಕೆ ಗೂಗಲ್ ದುಡ್ಡು ಕೇಳಲ್ಲ. ‘ನಿಮ್ಮ ಪೇಜಿಗೆ ಕಾಪಿರೈಟ್ ದೂರು ಬಂದಿದೆ, 24 ಗಂಟೆಯಲ್ಲಿ ಬಂದ್ ಆಗುತ್ತೆ, ಈ ಲಿಂಕ್ ಒತ್ತಿ’ ಅಂತ ಬರುವ ಮೆಸೇಜು ಪಾಸ್‌ವರ್ಡ್ ಕದಿಯೋಕೆ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಅಂತ ಎಪಿಕೆ ಫೈಲ್ ಬಂದರೆ ಒತ್ತಲೇಬಾರದು, ಫೋನೇ ಅವರ ಕೈಗೆ ಹೋಗುತ್ತೆ.

ದೊಡ್ಡ ಆರ್ಡರ್ ಹೆಸರಿನಲ್ಲಿ ನಡೆಯುವುದು ಇನ್ನೊಂದು. ಸೇನೆಯವನು ಅಂತ ಹೇಳ್ಕೊಂಡು, ಗುರುತಿನ ಚೀಟಿ ಫೋಟೋನೂ ಕಳಿಸಿ, ರೇಟ್ ಚೌಕಾಸಿ ಮಾಡದೆ ಒಪ್ಪಿ, ‘ದುಡ್ಡು ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಅಂತಾರೆ. ದುಡ್ಡು ಪಡೆಯೋಕೆ ಯುಪಿಐ ಪಿನ್ ಬೇಕಾಗಿಲ್ಲ. ಪಿನ್ ಹಾಕಿದರೆ ದುಡ್ಡು ಹೋಗುತ್ತೆ, ಬರಲ್ಲ. ಪೇಮೆಂಟ್ ಸ್ಕ್ರೀನ್‌ಶಾಟ್ ತೋರಿಸಿ ಮಾಲು ತಗೊಂಡು ಹೋಗುವವರೂ ಇದ್ದಾರೆ. ಸಂತೆ ದಿನದ ರಶ್‌ನಲ್ಲಿ ಸೌಂಡ್‌ಬಾಕ್ಸ್ ಕೂಗಿದ್ದು ಕೇಳಿಸಲಿಲ್ಲ ಅಂದ್ರೆ ತಮ್ಮ ಬ್ಯಾಂಕ್ ಖಾತೆ ನೋಡಿಯೇ ಮಾಲು ಕೊಡಬೇಕು.

ದುಡ್ಡು ಹೋದ ತಕ್ಷಣ 1930ಕ್ಕೆ ಕರೆ ಮಾಡಬೇಕು. ಇದು ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಬೇಗ ಹೇಳಿದಷ್ಟೂ ಕಳ್ಳರು ತೆಗೆದುಕೊಳ್ಳುವ ಮೊದಲು ಆ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಅವಕಾಶ ಹೆಚ್ಚು. ಕರೆ ಮಾಡುವಾಗ ವಹಿವಾಟಿನ ಯುಟಿಆರ್ ನಂಬರ್, ಬ್ಯಾಂಕ್ ಹೆಸರು, ಹೋದ ಮೊತ್ತ, ಸಮಯ ಕೈಯಲ್ಲಿರಲಿ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಕೊಡಬಹುದು, ಇನ್‌ಸ್ಟಾಗ್ರಾಂ ಅಥವಾ ವಾಟ್ಸ್ಆ್ಯಪ್ ಖಾತೆ ಹ್ಯಾಕ್ ಆಗಿದ್ದರೂ ಅಲ್ಲೇ. ಖಾತೆ ಹ್ಯಾಕ್ ಆದರೆ ಗಿರಾಕಿಗಳಿಗೆ ಬೇರೆ ನಂಬರಿನಿಂದ ಅಂದೇ ತಿಳಿಸಿ, ಅಂಗಡಿ ಬಾಗಿಲಿಗೂ ಒಂದು ಚೀಟಿ ಅಂಟಿಸಬೇಕು. ಕದ್ದ ಖಾತೆಯಿಂದ ‘ಅರ್ಜೆಂಟ್ ದುಡ್ಡು ಬೇಕು’ ಅನ್ನೋ ಮೆಸೇಜ್ ಮೊದಲು ಹೋಗೋದು ಆ ಗಿರಾಕಿಗಳಿಗೇ.